ಹುಡ್‌ವಿಂಕ್ ಪದವೂ ಇಪ್ಪತ್ನಾಲ್ಕು ಗೂಬೆಗಳೂ

ಇನ್ನು ಮುಂದೆ ತಾನು ಸ್ವತಃ ಅನುಭವಿಸದ ಒಂದೇ ಒಂದು ಪದದ ಬಗ್ಗೆಯೂ ಬರೆಯುವುದಿಲ್ಲ! ಗುರುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಬೂದುಬಣ್ಣದ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒತ್ತಕ್ಷರಪ್ಪ ಈ ಘೋರ ಪ್ರತಿಜ್ಞೆಯನ್ನು ಮೂರನೆಯ ವಾರವೂ ಮಾಡಿದ. ಕನ್ನಡಿಯೊಳಗಿದ್ದವನು ತಲೆಯಾಡಿಸಿದ. ಮನೆಯಲ್ಲಿ ಆತನ ಮಾತಿಗೆ ಎದುರಾಡದೆ ತಲೆಯಾಡಿಸುವವನು ಅವನೊಬ್ಬನೇ.

ಒತ್ತಕ್ಷರಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದುವುದು ಅವನ ಉದ್ಯೋಗ. ಅಚ್ಚಿಗೆ ಹೋಗುವ ಪುಟದಲ್ಲಿ ಯಾವ ಮೂಲೆಯಲ್ಲಿ ಒತ್ತಕ್ಷರ ಬಿದ್ದುಹೋಗಿದ್ದರೂ ಹದ್ದಿನಂತೆ ಎರಗುತ್ತಿದ್ದ. ಅದಕ್ಕೇ ಸಹೋದ್ಯೋಗಿಗಳು ಇಟ್ಟ ಬಿರುದು. ಅದರ ಜೊತೆಗೆ ಭಾನುವಾರದ ಪುಟದಲ್ಲಿ 'ಪದ ಹುಟ್ಟಿದ ಮನೆ' ಎಂಬ ಅಂಕಣವನ್ನೂ ಬರೆಯುತ್ತಿದ್ದ. ವಾರಕ್ಕೊಂದು ಇಂಗ್ಲಿಷ್ ಪದ, ಅದರ ಅರ್ಥ, ಅದರ ಹುಟ್ಟು, ಕೊನೆಯಲ್ಲಿ ಒಂದು ಉದಾಹರಣೆಯ ವಾಕ್ಯ. ಪಕ್ಕದಲ್ಲಿ ಕೋಟು ತೊಟ್ಟ ಲೇಖಕರ ಫೋಟೋ. ಫೋಟೋದಲ್ಲಿ ಕೋಟಿರುವುದರಿಂದ ಬರೆಯುವಾಗಲೂ ಕೋಟಿರಬೇಕು, ಇಲ್ಲದಿದ್ದರೆ ಓದುಗರಿಗೆ ಮೋಸ ಮಾಡಿದಂತೆ ಎಂಬುದು ಅವನ ಸಿದ್ಧಾಂತ. ಬೇಸಿಗೆಯಲ್ಲೂ ಬೆವರು ಒರೆಸಿಕೊಂಡು, ಬರೀ ಬನಿಯನ್ನಿನ ಮೇಲಾದರೂ ಕೋಟು ತೊಟ್ಟೇ ಕೂರುತ್ತಿದ್ದ. ಮೋಸವೆಂದರೆ ಆತನಿಗೆ ಆಗದು! ಯಾರು ಮೋಸ ಮಾಡಿದರೂ, ತಾನೊಬ್ಬನನ್ನು ಬಿಟ್ಟು, ಆತ ಸಹಿಸುವವನಲ್ಲ.

ಪ್ರತಿಜ್ಞೆಗೆ ಕಾರಣ ಒಬ್ಬ ಓದುಗನ ಕಾಗದ. 'ನೀವು ಬರೆಯುವುದೆಲ್ಲ ನಿಘಂಟಿನಲ್ಲೇ ಇದೆ. ನಿಮ್ಮದೇನಿದೆ, ಕೋಟು ಒಂದನ್ನು ಬಿಟ್ಟು?' ಎಂದು ಆ ಮಹಾಶಯ ಕೇಳಿದ್ದ. ಕಾಗದ ಓದಿದ ದಿನವೇ ಒತ್ತಕ್ಷರಪ್ಪ ಪದ್ಧತಿ ಬದಲಿಸಿದ. 'ಸಾಮರ್‌ಸಾಲ್ಟ್' ಪದಕ್ಕಾಗಿ ನಡುಮನೆಯಲ್ಲಿ ಲಾಗ ಹಾಕಿ ಮೂರು ದಿನ ಹಾಸಿಗೆ ಹಿಡಿದ. 'ಹಂಗರ್ ಸ್ಟ್ರೈಕ್' ಪದಕ್ಕಾಗಿ ಬೆಳಿಗ್ಗೆ ಏಳಕ್ಕೆ ಉಪವಾಸ ಶುರುಮಾಡಿ, ಅಂಕಣ ಚಿಕ್ಕದೆಂದು ಹನ್ನೊಂದಕ್ಕೇ ಮುಗಿಸಿದ. ಈ ವಾರದ ಪದ 'ಹುಡ್‌ವಿಂಕ್'.

"ಹಾಗಂದ್ರೆ?" ಹೆಂಡತಿ ಹೊಲಿಗೆ ಯಂತ್ರದ ಮೇಲಿಂದ ತಲೆ ಎತ್ತದೆ ಕೇಳಿದಳು.

ಆಕೆ ಬೀದಿಗೆಲ್ಲ ಟೇಲರಮ್ಮ. ನಡುಮನೆಯ ಕಿಟಕಿಯ ಬಳಿ ಅವಳ ಯಂತ್ರ, ಅದರ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅಲ್ಲಿಂದ ಮೂರು ಹೆಜ್ಜೆಗೆ ಇವನ ಬರೆಯುವ ಮೇಜು. ಒಂದು ಕಡೆ ದಾರ ಓಡುತ್ತಿತ್ತು, ಇನ್ನೊಂದು ಕಡೆ ಪೆನ್ನು ನಿಂತಿತ್ತು.

"ಮೋಸ ಮಾಡೋದು ಅಂತ," ಒತ್ತಕ್ಷರಪ್ಪ ಗಂಟಲು ಸರಿಮಾಡಿಕೊಂಡ. "ಹುಡ್ ಅಂದ್ರೆ ತಲೆಮುಸುಕು. ವಿಂಕ್ ಅಂದ್ರೆ ಈಗೇನೋ ಒಂದು ಕಣ್ಣು ಮಿಟುಕಿಸೋದು. ಆದ್ರೆ ಹಿಂದೆ ಎರಡೂ ಕಣ್ಣು ಮುಚ್ಚೋದಕ್ಕೂ ಅದೇ ಮಾತು. ನಾನೂರು ವರ್ಷಕ್ಕೂ ಹಿಂದೆ ಹುಡ್‌ವಿಂಕ್ ಅಂದ್ರೆ ಮುಸುಕು ಹಾಕಿ ಕಣ್ಣು ಮುಚ್ಚಿಸೋದು, ಅಷ್ಟೇ. ಆಮೇಲೆ ಬಟ್ಟೆ ಹೋಯ್ತು, ಮೋಸ ಉಳೀತು!"

"ಓಹೋ, ಟೋಪಿ ಹಾಕೋದು ಅನ್ನಿ."

ಒತ್ತಕ್ಷರಪ್ಪನ ಪೆನ್ನು ಕೈಯಲ್ಲೇ ಉಳಿಯಿತು. ಎರಡು ದಿನ ನಿಘಂಟು ಮಗುಚಿದರೂ ಆತನಿಗೆ ಈ ಹೋಲಿಕೆ ಹೊಳೆದಿರಲಿಲ್ಲ.

"ಇಂಗ್ಲಿಷಿನವರಿಗೆ ಮೋಸ ಮಾಡೋಕೆ ಕಣ್ಣು ಮುಚ್ಚೋವಷ್ಟು ದೊಡ್ಡ ಮುಸುಕು ಬೇಕಾಯ್ತು," ಟೇಲರಮ್ಮ ದಾರ ಕಚ್ಚಿ ತುಂಡರಿಸಿದಳು. "ನಮ್ಮವರಿಗೆ ಬರೀ ಟೋಪಿ ಸಾಕು. ಬಟ್ಟೆ ಉಳಿಸೋದ್ರಲ್ಲಿ ನಮ್ಮವರೇ ಮೇಲು."

"ಅದು... ಅದನ್ನೇ ನಾನು ಬರೀಬೇಕು ಅಂತಿದ್ದೆ," ಎಂದ ಒತ್ತಕ್ಷರಪ್ಪ. ದಿನದ ಮೊದಲ ಸುಳ್ಳು ಹೀಗೆ ಸಲೀಸಾಗಿ ಹೊರಬಿತ್ತು.

ಟೇಲರಮ್ಮ ಎದ್ದಳು. ಉದ್ದನೆಯ ಮೇಜಿನ ಮೇಲೆ ಇಪ್ಪತ್ನಾಲ್ಕು ಗೂಬೆಗಳು ಒಂದರ ಮೇಲೊಂದು ಮಲಗಿದ್ದವು. ಶಾಲೆಯ ನಾಟಕಕ್ಕೆ ಮಕ್ಕಳು ಹಾಕಿಕೊಳ್ಳುವ ತಲೆಮುಸುಕುಗಳು ಅವು. ಬೂದು ಬಟ್ಟೆ, ಬಿಳಿ ಸುತ್ತಿನ ನಡುವೆ ದೊಡ್ಡ ಕಪ್ಪು ಗುಂಡಿಯ ಎರಡು ಕಣ್ಣು, ಕಿತ್ತಳೆ ಬಣ್ಣದ ಕೊಕ್ಕು, ಕತ್ತಿನ ಬಳಿ ಬಿಗಿಯಲು ದಾರ. ಪೇಟೆಯ ದೊಡ್ಡ ಅಂಗಡಿಯವರು ಇಷ್ಟು ಬೇಗ ಆಗದೆಂದು ಕೈ ಎತ್ತಿದ ಕೆಲಸವನ್ನು ಇವಳು ಹತ್ತು ದಿನ ಕತ್ತು ಬಗ್ಗಿಸಿ ಮುಗಿಸಿದ್ದಳು. ಇದು ಸರಿಯಾಗಿ ಹೋದರೆ ಇಡೀ ಶಾಲೆಯ ಸಮವಸ್ತ್ರದ ಹೊಲಿಗೆ ಇವಳಿಗೇ ಎಂದು ಡ್ರಾಮಾ ಟೀಚರ್ ಮಾತು ಕೊಟ್ಟಿದ್ದರು. ಹೋಗದಿದ್ದರೆ ಇವಳು ಮತ್ತೆ ನೆರೆಮನೆಯ ಪರದೆಗಳಿಗೆ ಅಂಚು ಮಡಿಸುತ್ತ ಕೂರಬೇಕು.

"ರೀ, ಒಂದು ಗೂಬೆಗೆ ಒಂದು ಕಣ್ಣು ಕಮ್ಮಿ. ಗುಂಡಿ ತರ್ತೀನಿ. ಟೀಚರ್ ನಾಲ್ಕು ಗಂಟೆಗೆ ಬರ್ತಾರೆ. ಆ ರಾಶಿ ಮುಟ್ಟಬೇಡಿ."

"ನಾನ್ಯಾಕೆ ಮುಟ್ಟಲಿ? ನಾನೇನು ಚಿಕ್ಕ ಮಗುವಾ?"

"ಮಗುವಾಗಿದ್ರೆ ಜೊತೇಲಿ ಕರ್ಕೊಂಡು ಹೋಗ್ತಿದ್ದೆ. ಅಮ್ಮಾ, ಸ್ವಲ್ಪ ನೋಡ್ಕೋ."

'ನೋಡ್ಕೋ' ಎಂದದ್ದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ತನ್ನ ತಾಯಿಗೆ. ಒತ್ತಕ್ಷರಪ್ಪನಿಗೆ ನಗು ಬಂತು. ಅತ್ತೆಗೆ ಕಣ್ಣಿನ ಪೊರೆ ತೆಗೆದು ವಾರವಾಗಿತ್ತು. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಕೈ ಜೋಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕನ್ನಡಕದ ಹಿಂದೆ ಇನ್ನೂ ಪಟ್ಟಿ ಇದೆ, ಪಾಪ, ಪೂರ್ತಿ ಕತ್ತಲೆ ಎಂದೇ ಒತ್ತಕ್ಷರಪ್ಪನ ತಿಳಿವಳಿಕೆ. ಅವರೇನು ನೋಡಿಕೊಂಡಾರು?

ಬಾಗಿಲು ಮುಚ್ಚಿತು. ಒತ್ತಕ್ಷರಪ್ಪ ಬರೆಯಲು ಕೂತ. ಅರ್ಥ ಬರೆದ, ಹುಟ್ಟು ಬರೆದ. ಟೋಪಿಯ ವಿಚಾರವನ್ನು ತನ್ನದೇ ಸಂಶೋಧನೆ ಎಂಬಂತೆ ಬರೆದ. ಅಷ್ಟನ್ನು ಫೋನಿನಲ್ಲಿ ಫೋಟೋ ತೆಗೆದು ಸಂಪಾದಕರಿಗೆ ಕಳಿಸಿದ. ಉದಾಹರಣೆಯ ವಾಕ್ಯಕ್ಕೆ ಬಂದಾಗ ಪೆನ್ನು ಮುಷ್ಕರ ಹೂಡಿತು. 'ವ್ಯಾಪಾರಿ ಗಿರಾಕಿಯನ್ನು ಹುಡ್‌ವಿಂಕ್ ಮಾಡಿದ.' ಛೀ, ಹಳಸಲು! 'ನಾಯಕರು ಜನರನ್ನು...' ಅದಂತೂ ಉದಾಹರಣೆಯಲ್ಲ, ದಿನಚರಿ. ಅನುಭವ ಇಲ್ಲದೆ ವಾಕ್ಯ ಬರುವುದಿಲ್ಲ. ಪ್ರತಿಜ್ಞೆ ಮಾಡಿದ್ದೇ ಇದಕ್ಕೆ!

ಕಣ್ಣು ನಿಧಾನವಾಗಿ ರಾಶಿಯತ್ತ ಹೊರಳಿತು. ಮುಟ್ಟಬೇಡಿ ಅಂದದ್ದು ರಾಶಿಯನ್ನು. ಒಂದು ಗೂಬೆ ರಾಶಿಯಾಗುತ್ತದೆಯೇ? ಆಗುವುದಿಲ್ಲ! ಹೊರಗೆ ಇಂಥ ತರ್ಕ ಮಾಡುವವರನ್ನು ಇದೇ ಒತ್ತಕ್ಷರಪ್ಪ ಅಂಕಣದಲ್ಲಿ ಹುರಿದು ಮುಕ್ಕುತ್ತಿದ್ದ. ಕೋಟಿಗೆ ಏನೂ ಆಗಬಾರದೆಂದು ಅದನ್ನು ಜೋಪಾನವಾಗಿ ಬಿಚ್ಚಿ, ಒಳಕೋಣೆಯ ಗೂಟಕ್ಕೆ ನೇತುಹಾಕಿ ಬಂದ. ಎಷ್ಟು ಮುಂಜಾಗ್ರತೆ ನೋಡಿ! ಆಮೇಲೆ ಮೇಲಿನ ಗೂಬೆಯನ್ನೆತ್ತಿ ತಲೆಗೆ ಹಾಕಿ ಕೆಳಕ್ಕೆ ಎಳೆದ.

ಅಳತೆ ಹತ್ತು ವರ್ಷದ ಮಕ್ಕಳದು. ತಲೆ ನಲವತ್ತೊಂಬತ್ತು ವರ್ಷದ್ದು. ಅದರೊಳಗೆ ಎರಡು ನಿಘಂಟು ಬೇರೆ. ಮುಸುಕು ಹಣೆಯ ಬಳಿ ನಿಂತು ಆಲೋಚಿಸಿತು. ಒತ್ತಕ್ಷರಪ್ಪ ಬಿಡಲಿಲ್ಲ. ದಮ್ಮು ಕಟ್ಟಿ ಎಳೆದ. ಸರ್ರನೆ ಗಲ್ಲದವರೆಗೂ ಇಳಿಯಿತು. ಒಳಗೆ ಅವನ ಕನ್ನಡಕದ ಕಡ್ಡಿಗೆ ಕತ್ತಿನ ದಾರ ಸುತ್ತಿಕೊಂಡಿತು. ಲೋಕ ಕತ್ತಲಾಯಿತು. ಹೊರಗಿನಿಂದ ನೋಡುವವರಿಗೆ ಮಾತ್ರ, ಅವನ ಎರಡೂ ಕಣ್ಣು ಇರಬೇಕಾದಲ್ಲಿ ಗೂಬೆಯ ಎರಡು ದೊಡ್ಡ ಕಣ್ಣುಗಳು ಪಿಳಿಪಿಳಿ ಬಿಟ್ಟುಕೊಂಡಿದ್ದವು.

"ಆಹಾ!" ಮುಸುಕಿನೊಳಗಿಂದ ಉದ್ಗಾರ ಬಂತು. "ಇದೇ ಹುಡ್‌ವಿಂಕ್!"

"ಅಳಿಯಂದಿರೇ," ಅತ್ತೆ ಕೇಳಿದರು. "ಮನೆಯೊಳಗೆ ಯಾವುದೋ ಹಕ್ಕಿ ಬಂದ ಹಾಗಿದೆಯಲ್ಲ?"

"ಇಲ್ಲ ಅತ್ತೆ. ಎಲ್ಲೋ ಹೊರಗೆ."

"ದೊಡ್ಡ ಹಕ್ಕಿ ಇರಬೇಕು."

ಕೈ ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟ. ಎರಡು ಇಟ್ಟ. ಮೂರನೆಯದು ಹೊಲಿಗೆ ಯಂತ್ರದ ಪೆಡಲಿನ ಮೇಲೆ ಬಿತ್ತು. ಯಂತ್ರ ಗರ್ರನೆ ಗದರಿತು. ಬೆಚ್ಚಿಬಿದ್ದು ಹಿಂದಕ್ಕೆ ಹಾರಿದ ಒತ್ತಕ್ಷರಪ್ಪನ ಸೊಂಟ ತನ್ನದೇ ಮೇಜಿಗೆ ಬಡಿಯಿತು. ಬಾಲ್ ಪೆನ್ನಿನಲ್ಲಿ ಬರೆದರೆ ಭಾಷೆಗೆ ಅವಮಾನವೆಂದು ಆತ ಸದಾ ಇಟ್ಟುಕೊಳ್ಳುತ್ತಿದ್ದ ನೀಲಿ ಶಾಯಿಯ ಬಾಟಲಿ ಅಲ್ಲೇ ಬಾಯಿ ತೆರೆದು ಕೂತಿತ್ತು. ಆಸರೆಗೆಂದು ಬೀಸಿದ ಕೈ ಅದನ್ನೇ ಹುಡುಕಿಕೊಂಡು ಹೋದಂತೆ ಹೊಡೆಯಿತು. ಬಾಟಲಿ ಹಾರಿತು. ಎಲ್ಲಿ ಬಿತ್ತೆಂದು ಕಾಣಲಿಲ್ಲ, ಕೇಳಿಸಿತು. ಮೆತ್ತಗೆ, ಬಟ್ಟೆಯ ಮೇಲೆ ಬಿದ್ದ ಸದ್ದು. ಆಮೇಲೆ ಗಳಗಳ.

ಮುಸುಕು ಕಿತ್ತೊಗೆಯಲು ಎರಡೂ ಕೈಯಿಂದ ಜಗ್ಗಿದ. ಕನ್ನಡಕ ಬಿಡಲಿಲ್ಲ, ದಾರ ಬಿಡಲಿಲ್ಲ, ಹೊಲಿಗೆ ಬಿಟ್ಟಿತು. ಪರ್ರ್! ತಲೆ ಹೊರಬಂದಾಗ ಕೈಯಲ್ಲಿ ನಡುವೆ ಸೀಳಿದ ಗೂಬೆ. ಮೇಜಿನ ಮೇಲೆ ಇನ್ನೆರಡು ಗೂಬೆಗಳು ನೀಲಿಯಲ್ಲಿ ಮಿಂದಿದ್ದವು. ಉಳಿದ ಇಪ್ಪತ್ತೊಂದು ಅಚ್ಚರಿಯಿಂದ ನೋಡುತ್ತಿದ್ದವು. ಗೂಬೆಯ ನೋಟವೇ ಹಾಗೆ. ಆದರೂ ಒತ್ತಕ್ಷರಪ್ಪ ಮುಖ ಆಚೆ ತಿರುಗಿಸಿದ.

"ಏನೋ ಬಿತ್ತಲ್ಲ ಅಳಿಯಂದಿರೇ?"

"ಏನಿಲ್ಲ ಅತ್ತೆ! ಪುಸ್ತಕ!"

"ಪುಸ್ತಕ ಗಳಗಳ ಅನ್ನುತ್ತಾ?"

"ತೆಳ್ಳನೆ ಪುಸ್ತಕ."

ಗಡಿಯಾರದಲ್ಲಿ ಒಂದೂವರೆ. ಈ ಹೊತ್ತಿನಲ್ಲಿ ಅಂಗಡಿಗೆ ಓಡಿ ಹೆಂಡತಿಗೆ ಇದ್ದದ್ದು ಇದ್ದಂತೆ ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅಂಗಡಿಯಲ್ಲಿ ಬೂದು ಬಟ್ಟೆಯೂ ಸಿಗುತ್ತಿತ್ತು. ಆದರೆ ತಪ್ಪು ಮಾಡಿದವನಿಗೆ ಸತ್ಯ ಯಾವಾಗಲೂ ಎರಡನೆಯ ಉಪಾಯ. ಮೊದಲ ಉಪಾಯ ಸ್ನಾನದ ಮನೆಯಲ್ಲಿತ್ತು, ಒಂದು ಬಾಟಲಿ ಬ್ಲೀಚು. ಬ್ಲೀಚ್ ಎಂಬ ಪದದ ಹುಟ್ಟು ಒತ್ತಕ್ಷರಪ್ಪನಿಗೆ ಬಾಯಿಪಾಠ. ಎಷ್ಟು ಚಮಚ ಹಾಕಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಅರ್ಧ ಬಾಟಲಿ ಸುರಿದ.

ನೀಲಿ ಹೋಯಿತು. ಅದರ ಹಿಂದೆಯೇ ಬೂದುಬಣ್ಣವೂ ಹೊರಟುಹೋಯಿತು. ಎರಡು ಗೂಬೆಗಳು ತೊನ್ನು ಹಿಡಿದಂತೆ ಮಚ್ಚೆಮಚ್ಚೆಯಾಗಿ ಬಕೆಟ್ಟಿನಲ್ಲಿ ತೇಲಿದವು. ಹಿಂಡಿ ತಂದು, ಒಣಗಿಸಲು ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿದ. ಬಟ್ಟೆ ಒಣಗುವ ಮೊದಲು ಗುಂಡಿಗಳು ಕರಗಿದವು. ಪ್ಲಾಸ್ಟಿಕ್ ಕಣ್ಣುಗಳು ಮೆಲ್ಲಗೆ ಕೆನ್ನೆಯ ಮೇಲಿಳಿದು ಕೊಕ್ಕಿನ ಬಳಿ ನಿಂತವು. ಎರಡು ಮುದಿ ಗೂಬೆಗಳು ಕೂತು ಅಳುತ್ತಿರುವಂತಿತ್ತು. ಸುಟ್ಟ ವಾಸನೆ ಮನೆ ತುಂಬಿತು.

"ಅಳಿಯಂದಿರೇ, ಅಡುಗೆ ಮಾಡ್ತಿದ್ದೀರಾ?"

"ಹೂಂ ಅತ್ತೆ," ಎಂದ ಒತ್ತಕ್ಷರಪ್ಪ. ಲೆಕ್ಕ ಇಡುವವರಿದ್ದರೆ ಇದು ಐದನೆಯದು. "ಸ್ವಲ್ಪ ತಳ ಹಿಡೀತು."

ಇನ್ನು ಮುಚ್ಚಿಡುವ ಕೆಲಸ. ಮೂರೂ ಗೂಬೆಗಳನ್ನು ಮಡಿಸಿ ರಾಶಿಯ ತಳಕ್ಕೆ ತಳ್ಳಿ, ಮೇಲೆ ಇಪ್ಪತ್ತೊಂದನ್ನು ಜೋಡಿಸಿ, ಮೇಜು ಒರೆಸಿ, ಬಾಟಲಿ ಎಸೆದು, ಕೋಟು ತೊಟ್ಟು, ಪೆನ್ಸಿಲು ಹಿಡಿದು ಕೂತ. ಲೆಕ್ಕ ಇಪ್ಪತ್ನಾಲ್ಕು ಸರಿ ಇದೆ. ಟೀಚರ್ ಬಂದು ರಾಶಿ ಹೊತ್ತುಕೊಂಡು ಹೋದರಾಯಿತು. ಮುಂದಿನದು ಮುಂದೆ. ಆ ಮೂವರು ಮಕ್ಕಳು ವೇದಿಕೆಯ ಮೇಲೆ ಏನು ಮಾಡಿಯಾರು ಎಂಬ ಪ್ರಶ್ನೆ ಆತನ ಮನಸ್ಸಿನ ಬಾಗಿಲು ತಟ್ಟಿತು. ಆತ ತೆರೆಯಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿರುವಾಗ ಟೇಲರಮ್ಮ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. ಚಪ್ಪಲಿ ಬಿಡದೆ ರಾಶಿಯ ಹತ್ತಿರ ಹೋದಳು. ನೋಡಲಿಲ್ಲ, ಬರೀ ಬೆರಳು ಇಟ್ಟು ಪಕ್ಕದಿಂದ ಕೆಳಗಿನವರೆಗೆ ಎಳೆದಳು. ಹತ್ತು ದಿನ ಆ ಬಟ್ಟೆಯೊಡನೆ ಬದುಕಿದ ಬೆರಳು ತಳದಲ್ಲಿ ಟಕ್ಕನೆ ನಿಂತಿತು.

"ರೀ. ಇದ್ಯಾಕೆ ಒದ್ದೆ?"

"ಒದ್ದೆನಾ? ಎಲ್ಲಿ?"

ಅವಳು ಮೂರನ್ನೂ ಎಳೆದು ಹೊರಗೆ ಹಾಕಿದಳು. ಒಂದು ಸೀಳಿದ ಗೂಬೆ, ಎರಡು ಅಳುವ ಗೂಬೆಗಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಸೀಳಿದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ, ತಗ್ಗಿದ ದನಿಯಲ್ಲಿ, "ಯಾರು ಮಾಡಿದ್ದು?" ಎಂದಳು.

ಒತ್ತಕ್ಷರಪ್ಪ ಆ ಕ್ಷಣ ಸುತ್ತ ನೋಡಿದ. ಬೆಕ್ಕಿಲ್ಲ. ಗಾಳಿ ಇಲ್ಲ. ಕಿಟಕಿ ಮುಚ್ಚಿದೆ. ಮನೆಯಲ್ಲಿದ್ದದ್ದು ತಾನು, ಮತ್ತು...

"ಬೈಬೇಡ," ಎಂದ. ದನಿಯಲ್ಲಿ ಅದೆಂಥ ಕರುಣೆ! "ಅತ್ತೆ ನೀರಿಗೆ ಅಂತ ಎದ್ದರು. ಪಾಪ, ಕಣ್ಣು ಕಾಣಲ್ಲ. ಕೈ ತಗುಲಿ ಶಾಯಿ ಬಿತ್ತು. ನಾನೇ ತೊಳೆದು ಸರಿಮಾಡೋಕೆ ನೋಡಿದೆ. ವಯಸ್ಸಾದವರು, ಏನೂ ಅನ್ನಬೇಡ."

ವಾರವಾರವೂ ಸತ್ಯದ ಹೆಸರಿನಲ್ಲಿ ಊರಿನವರ ಕಿವಿ ಹಿಂಡುವ ಮನುಷ್ಯ, ಕಣ್ಣಿಗೆ ಚಿಕಿತ್ಸೆಯಾದ ಮುದುಕಿಯ ತಲೆಯ ಮೇಲೆ ತನ್ನ ಶಾಯಿ ಬಾಟಲಿ ಇಟ್ಟು, ಅದರ ಮೇಲೆ ಕರುಣೆಯ ಹೊದಿಕೆ ಬೇರೆ ಹೊದಿಸಿದ! ಇಂಥವರು ಬರೆದದ್ದನ್ನು ನಾವು ಭಾನುವಾರ ಕಾಫಿಯ ಜೊತೆ ಓದುತ್ತೇವೆ.

ಮೂಲೆಯ ಕುರ್ಚಿ ಕಿರುಗುಟ್ಟಿತು. ಅತ್ತೆ ನಿಧಾನವಾಗಿ ಇತ್ತ ತಿರುಗಿದರು. ಎರಡೂ ಕೈಯಿಂದ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಪಟ್ಟಿ ಇರಲಿಲ್ಲ. ತೊಳೆದ ಗಾಜಿನಂಥ ಎರಡು ಕಣ್ಣುಗಳು ಅಳಿಯನನ್ನು ತಲೆಯಿಂದ ಕಾಲಿನವರೆಗೆ ಓದಿದವು.

"ಅತ್ತೆ... ನಿಮಗೆ... ಪಟ್ಟಿ?"

"ಮಂಗಳವಾರವೇ ಬಿಚ್ಚಿದರಲ್ಲ ಅಳಿಯಂದಿರೇ. ಬಂದ ಕೂಡ್ಲೆ ನಿಮಗೇ ಮೊದಲು ಹೇಳಿದೆ, 'ಎಲ್ಲ ಚೆನ್ನಾಗಿ ಕಾಣಿಸ್ತಿದೆ' ಅಂತ. ನೀವು ಪುಸ್ತಕದಿಂದ ತಲೆ ಎತ್ತದೆ 'ಹೂಂ' ಅಂದ್ರಿ. ಬೆಳಕು ಚುಚ್ಚಬಾರದು ಅಂತ ಕನ್ನಡಕ ಕೊಟ್ಟಿದ್ದಾರೆ, ಅಷ್ಟೇ."

"ಹಾಗಾದ್ರೆ ನೀವು..."

"ಮೊದಲಿಂದ ನೋಡಿದೆ. ಗೋಡೆಗೆ ನೇತುಹಾಕಿರೋ ಕನ್ನಡಿಯಲ್ಲಿ. ಗೂಬೆ ತಲೆ, ಕೆಳಗೆ ಬನಿಯನ್ನು. ಇಷ್ಟು ವರ್ಷಕ್ಕೆ ಕಣ್ಣು ಸರಿಯಾಗಿ ಮೊದಲು ನೋಡಿದ್ದು ಇದನ್ನ!"

ಟೇಲರಮ್ಮನ ತುಟಿ ಅದುರಿತು. ಅದು ಅಳುವೋ ನಗುವೋ ತಿಳಿಯದೆ ಒತ್ತಕ್ಷರಪ್ಪ ಕಂಗಾಲಾದ.

"ಅಮ್ಮಾ! ನೋಡ್ತಾ ಇದ್ದು ತಡೀಲಿಲ್ವಲ್ಲ ನೀನು!"

"ತಲೆಗೆ ಹಾಕ್ಕೊಂಡಾಗ ನಗು ತಡೆಯೋದೇ ಕಷ್ಟವಾಯ್ತು ಕಣೇ. ಶಾಯಿ ಬೀಳೋ ಹೊತ್ತಿಗೆ ಬಾಯಿ ತೆರೆಯೋಕೂ ಆಗಲಿಲ್ಲ. ಆಮೇಲೆ ಮೂರು ಸಲ ಕೇಳಿದೆ, ಒಂದು ಸಲವಾದ್ರೂ ನಿಜ ಹೇಳ್ತಾರಾ ಅಂತ." ಅತ್ತೆಯ ದನಿಯಿಂದ ನಗು ಇಳಿಯಿತು. ಅವರು ತಮ್ಮ ಬಲಗೈ ಎತ್ತಿ ಹಿಡಿದರು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. "ಕಣ್ಣು ಕಾಣಲ್ಲ ಅಂದ್ರಿ, ಅದಕ್ಕೆ ಬೇಜಾರಿಲ್ಲ. ಕೈ ತಗುಲಿತು ಅಂದ್ರಲ್ಲ, ಅದು ಬೇಜಾರು. ನಲವತ್ತು ವರ್ಷ ಹೊಲಿದ ಕೈ ಇದು. ಇವಳಿಗೆ ಕಲಿಸಿದ ಕೈ. ಕತ್ತಲೇಲೂ ಒಂದು ದಾರ ಬೀಳಿಸಿಲ್ಲ."

ಒತ್ತಕ್ಷರಪ್ಪನಿಗೆ ಹದಿನಾರು ಭಾಷೆಯ ಬೇರುಪದಗಳು ಗೊತ್ತಿದ್ದವು. ಒಂದೂ ಒದಗಲಿಲ್ಲ. "ತಪ್ಪಾಯ್ತು ಅತ್ತೆ," ಎಂದಷ್ಟೇ ಹೊರಟಿತು. ಬೆಳಗಿನಿಂದ ಆತ ಆಡಿದ ಮಾತುಗಳಲ್ಲಿ ಕಲಬೆರಕೆ ಇಲ್ಲದ್ದು ಅದೊಂದೇ.

"ತಪ್ಪು ಆಮೇಲೆ ಆಗಲಿ," ಟೇಲರಮ್ಮ ಎದ್ದಳು. "ಎರಡು ಗಂಟೆ ಟೈಮಿದೆ. ಬಟ್ಟೆ ಎಲ್ಲಿದೆ? ಕೊನೇ ತುಂಡು ನಿನ್ನೆಗೇ ಮುಗೀತು. ಅಂಗಡಿ ಎರಡಕ್ಕೆ ಬಾಗಿಲು ಹಾಕಿದ್ರೆ ಮತ್ತೆ ತೆರೆಯೋದು ಐದಕ್ಕೆ."

ಮೂವರೂ ಗಡಿಯಾರ ನೋಡಿದರು. ಎರಡು ಹೊಡೆಯಿತು. ಆಮೇಲೆ ತಾಯಿ ಮಗಳ ಮುಖ ನೋಡಿದರು. ಮಗಳು ತಾಯಿಯ ಮುಖ ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಒತ್ತಕ್ಷರಪ್ಪನನ್ನು ನೋಡಿದರು. ಅವನನ್ನಲ್ಲ. ಅವನ ಕೋಟನ್ನು.

"ಬೂದುಬಣ್ಣ," ಎಂದರು ಅತ್ತೆ.

"ಹೆಚ್ಚುಕಮ್ಮಿ ಅದೇ," ಎಂದಳು ಮಗಳು.

"ಇಲ್ಲ! ಇದು... ಫೋಟೋದಲ್ಲಿ... ಓದುಗರು..."

"ಬೆನ್ನಲ್ಲಿ ಒಂದು, ಮುಂದಿನ ಎರಡು ಪಾಲಲ್ಲಿ ಎರಡು," ಟೇಲರಮ್ಮ ಆಗಲೇ ಕಣ್ಣಲ್ಲೇ ಅಳತೆ ಹಿಡಿದಿದ್ದಳು. "ಬಿಚ್ತೀರೋ, ಹಾಕ್ಕೊಂಡಿರೋವಾಗಲೇ ಕತ್ತರಿಸಲೋ?"

ಬಿಚ್ಚಿದ. ಕತ್ತರಿ ಬೆನ್ನಿನ ನಡುವೆ ಕರಕರ ಓಡಿದಾಗ ತನ್ನ ಬೆನ್ನೇ ಸೀಳಿದಂತೆ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿಕೊಳ್ಳಲು ಈ ಸಲ ಮುಸುಕು ಬೇಕಾಗಲಿಲ್ಲ. ಹಳೆಯ ಗೂಬೆಗಳಿಂದ ಕೊಕ್ಕು ಬಿಚ್ಚುವ ಕೆಲಸ ಅವನ ಪಾಲಿಗೆ ಬಂತು. ಕರಗಿದ ಕಣ್ಣುಗಳಿಗೆ ಬದಲು ಕೋಟಿನದೇ ನಾಲ್ಕು ದೊಡ್ಡ ಗುಂಡಿಗಳು ಸರಿಹೋದವು. ಅತ್ತೆ ಕಪ್ಪು ಕನ್ನಡಕ ಮತ್ತೆ ಏರಿಸಿ, ಡಾಕ್ಟರು ಹೊಲಿಗೆ ಕೂಡದೆಂದಿದ್ದಾರೆಂದು ಜ್ಞಾಪಿಸಿಕೊಂಡು, ಸೂಜಿ ಮುಟ್ಟದೆ ಬರೀ ಅಪ್ಪಣೆ ಕೊಟ್ಟರು. "ಆ ದಾರ ಸಡಿಲ. ಇನ್ನೊಂದು ಸಲ. ಅಳಿಯಂದಿರೇ, ಕೊಕ್ಕು ತಲೆಕೆಳಗು ಕೊಟ್ಟಿರಿ. ನಿಮಗೆ ಕಣ್ಣು ಕಾಣಲ್ಲ, ಪಾಪ!"

ನಾಲ್ಕು ಹೊಡೆದಾಗ ಇಪ್ಪತ್ನಾಲ್ಕೂ ಸಿದ್ಧವಿದ್ದವು. ಡ್ರಾಮಾ ಟೀಚರ್ ಒಂದೊಂದನ್ನೇ ಎತ್ತಿ ನೋಡಿದರು. ಇಪ್ಪತ್ತೆರಡನೆಯದರ ಬಳಿ ಕೈ ನಿಂತಿತು. ಒತ್ತಕ್ಷರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಈ ಮೂರು ಸ್ವಲ್ಪ ದಪ್ಪ ಇದೆಯಲ್ಲ?"

"ಹೌದು ಟೀಚರ್," ಟೇಲರಮ್ಮ ನೇರವಾಗಿ ಹೇಳಿದಳು. "ಮನೇಲಿ ಮೂರು ಹಾಳಾಯ್ತು. ಬೇರೆ ಬಟ್ಟೇಲಿ ಹೊಲಿದೆ. ಹೊಲಿಗೆ ಅಷ್ಟೇ ಗಟ್ಟಿ ಇದೆ, ಎಳೆದು ನೋಡಿ."

ಟೀಚರ್ ಎಳೆದು ನೋಡಿದರು. ಇನ್ನೊಂದು ಸಲ ಎಳೆದರು. "ನಮ್ಮ ನಾಟಕದಲ್ಲಿ ಹಿರಿಯ ಗೂಬೆಗಳು ಮೂವರಿದ್ದಾರೆ, ಅವರಿಗೆ ಕೊಡ್ತೀನಿ," ಎಂದು ನಕ್ಕರು. "ಸಮವಸ್ತ್ರದ ಅಳತೆ ತಗೊಳ್ಳೋಕೆ ಸೋಮವಾರ ಬನ್ನಿ. ಅದಿರಲಿ, ಈ ಗೂಬೆಗೆ ಕೆನ್ನೆ ಮೇಲೆ ಜೇಬು ಯಾಕೆ?"

ಬಿಚ್ಚಲು ಹೊತ್ತು ಸಾಲದೆ ಉಳಿದ ಕೋಟಿನ ಜೇಬು ಅದು. ಮೂಲೆಯ ಕುರ್ಚಿಯಿಂದ ಉತ್ತರ ಬಂತು.

"ಸುಳ್ಳು ಇಟ್ಟುಕೊಳ್ಳೋಕಮ್ಮ. ಹಳೇ ಯಜಮಾನರಿಗೆ ಅಭ್ಯಾಸ."

ಟೀಚರ್ ಹೊರಟ ಐದೇ ನಿಮಿಷಕ್ಕೆ ಫೋನು. ಸಂಪಾದಕರು. "ಏನಯ್ಯಾ ಒತ್ತಕ್ಷರ, ಪುಟ ಕಾಯ್ತಿದೆ. ಮಧ್ಯಾಹ್ನ ಕಳಿಸಿದ್ದರಲ್ಲಿ ಎಲ್ಲ ಇದೆ, ಉದಾಹರಣೆಯ ವಾಕ್ಯ ಎಲ್ಲಿ? ಈಗಲೇ ಹೇಳು, ಬರ್ಕೋತೀನಿ."

"ಸಾರ್, ಅದು... ಇನ್ನೂ..." ಬನಿಯನ್ನಿನಲ್ಲಿ ನಿಂತಿದ್ದ ಒತ್ತಕ್ಷರಪ್ಪ ತಡವರಿಸಿದ. ಕೋಟಿಲ್ಲದೆ ಆತನಿಗೆ ವಾಕ್ಯವೇ ಹುಟ್ಟುತ್ತಿರಲಿಲ್ಲ.

"ಇತ್ತ ಕೊಡಿ," ಅತ್ತೆ ಕೈ ಚಾಚಿದರು. ಆತ ಕೊಟ್ಟ. ಮಾತು ಕೇಳುವುದನ್ನು ಆತ ಅಂದೇ ಶುರುಮಾಡಿದ್ದ. ಅತ್ತೆ ಫೋನು ಕಿವಿಗಿಟ್ಟು, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳಿದರು. ಆ ಕಡೆ ಸಂಪಾದಕರು ಬರೆದುಕೊಂಡರು. ಆಮೇಲೆ ಬಹಳ ಹೊತ್ತು ನಕ್ಕರು. ಅಂಥ ನಗು ಆ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ.

ಮರುದಿನ ಕಚೇರಿಯಲ್ಲಿ ಭಾನುವಾರದ ಪುಟದ ಕರಡು ಎಂದಿನಂತೆ ಒತ್ತಕ್ಷರಪ್ಪನ ಮೇಜಿಗೇ ಬಂತು. ಪಕ್ಕದಲ್ಲಿ ಕೋಟು ತೊಟ್ಟ ಲೇಖಕರ ಫೋಟೋ. ಕೆಳಗೆ, ದಪ್ಪ ಅಕ್ಷರದಲ್ಲಿ: 'ಉದಾಹರಣೆ: ಅತ್ತೆಯನ್ನು ಹುಡ್‌ವಿಂಕ್ ಮಾಡಲು ಹೋದ ಅಳಿಯ ತನ್ನ ಕೋಟನ್ನು ಗೂಬೆಗಳಿಗೆ ಕೊಟ್ಟು, ಬನಿಯನ್ನಿನಲ್ಲಿ ನಿಂತು ಫೋನೆತ್ತಿದ.'

ಕೆಂಪು ಪೆನ್ನು ಹಿಡಿದು ಅವನು ಆ ವಾಕ್ಯವನ್ನು ಹದಿನೇಳು ಸಲ ಓದಿದ. ಒಂದು ಒತ್ತಕ್ಷರ ಬಿಟ್ಟುಹೋಗಿರಲಿ, ಒಂದು ಕೊಂಬು ಹೆಚ್ಚಾಗಿರಲಿ, ಅದೇ ನೆಪದಲ್ಲಿ ಇಡೀ ಸಾಲನ್ನೇ ಹೊಡೆದುಹಾಕೋಣ ಎಂದು ಹುಡುಕಿದ.

ಒಂದೂ ತಪ್ಪು ಸಿಗಲಿಲ್ಲ.